ಮೂಕಿಯ ಮೇಲೆ ಯಾರೂ ಕೂರಬಾರದು

೧೯೯೭ರ ಜನವರಿಯಲ್ಲಿ, ಮೈಸೂರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ನಿಂತುಕೊಂಡು ನಾನು ಪುಟ್ಟಲಕ್ಷ್ಮಿಗೆ ಒಂದು ಮಾತು ಕೊಟ್ಟೆ. "ನನ್ನ ಗಾಡಿ ಹಿಂದೆ ಕಟ್ಟಿದ ಮಿಕ್ಸರ್ ಮೇಲೆ ಇನ್ನು ಯಾರನ್ನೂ ಕೂರಿಸಲ್ಲ ಕಣಮ್ಮ. ನಿನ್ನನ್ನಂತೂ ಈ ಜನ್ಮದಲ್ಲಿ ಕೂರಿಸಲ್ಲ" ಎಂದೆ. ಅವಳ ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನೊಳಗಿತ್ತು. ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ಅವಳ ಗಂಡ ಕರಿಯಯ್ಯ ತಲೆ ಎತ್ತಲಿಲ್ಲ. ನಕ್ಕವಳು ಅವಳೇ. "ಬುಡಣ್ಣೋ, ನೀವೇನ್ ಬೇಕೂಂತ ಮಾಡುದ್ರಾ?" ಎಂದಳು.

ಬೇಕೆಂದು ಮಾಡಿರಲಿಲ್ಲ. ಆದರೆ ಮಾಡಿದವನು ನಾನೇ.

ನಮ್ಮೂರು ಹದಿನಾರಿನಲ್ಲಿ ಮೊದಲು ಕಾಂಕ್ರೀಟ್ ಮಿಕ್ಸರ್ ತಂದವನು ನಾನು. ಅದನ್ನು ಎಳೆಯಲಿಕ್ಕೆಂದೇ ಮೈಸೂರಿನ ತರಕಾರಿ ಮಂಡಿಯವನೊಬ್ಬ ಓಡಿಸಿ ಬಿಟ್ಟಿದ್ದ ಟೂ-ನಾಟ್-ಸೆವೆನ್ ಪಿಕಪ್ಪು ಕೊಂಡೆ. ಎತ್ತಿನ ಗಾಡಿಗೆ ಮೂಕಿ ಇರುವ ಹಾಗೆ ಮಿಕ್ಸರಿಗೂ ಮುಂದಕ್ಕೆ ಚಾಚಿದ ಕಬ್ಬಿಣದ ಮೂಕಿ ಇರುತ್ತದೆ. ಅದರ ತುದಿಯ ಬಳೆಯನ್ನು ಪಿಕಪ್ಪಿನ ಹಿಂದಿನ ಕೊಕ್ಕೆಗೆ ಹಾಕಿ, ಮೇಲಿನಿಂದ ಒಂದು ಪಿನ್ನು ಇಳಿಸಬೇಕು. ಆ ದಿನ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಹುಡುಕುವ ತಾಳ್ಮೆ ನನಗಿರಲಿಲ್ಲ. ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ಒಂದು ತುಂಡು ಕಂಬಿಯನ್ನು ತೂರಿಸಿ ಬಗ್ಗಿಸಿದೆ. ಬದನವಾಳಿನಿಂದ ಬರುವಾಗ ರಸ್ತೆಯ ಒಂದು ಹಂಪಿನ ಮೇಲೆ ಕಂಬಿ ಎಗರಿತು. ಮೂಕಿ ಕಳಚಿ ಟಾರಿಗೆ ಬಡಿಯಿತು. ಮೂಕಿಯ ಮೇಲೆ ಕೂತಿದ್ದವಳು ಪುಟ್ಟಲಕ್ಷ್ಮಿ. ಕಬ್ಬಿಣಕ್ಕೂ ಟಾರಿಗೂ ನಡುವೆ ಸಿಕ್ಕಿದ್ದು ಅವಳ ಬಲಗಾಲು.

ಕಾಲು ಉಳಿಯಿತು. ಮಂಡಿ ಬಾಗುವುದು ನಿಂತಿತು. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಅವಳು ಮೊದಲು ಎರಡು ಕೈಯಿಂದ ಕಂಬಿ ಹಿಡಿದು, ಎಡಗಾಲಿಟ್ಟು, ಬಲಗಾಲನ್ನು ಸೌದೆ ಎಳೆದ ಹಾಗೆ ಎಳೆದುಕೊಳ್ಳಬೇಕು. ಅಷ್ಟು ಹೊತ್ತು ಕಾಯುವ ಕಂಡಕ್ಟರ್ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹಾಗಾಗಿ ಕೆಲಸವಿದ್ದ ದಿನ ಪಿಕಪ್ಪಿನ ಕ್ಯಾಬಿನ್ನಿನಲ್ಲಿ, ಎಡಗಡೆಯ ಬಾಗಿಲ ಪಕ್ಕದ ಜಾಗ ಪುಟ್ಟಲಕ್ಷ್ಮಿಯದಾಯಿತು. ಬಾಂಡ್ಲಿ ಹೊರುವುದು ಅವಳಿಂದ ಆಗುತ್ತಿರಲಿಲ್ಲ. ಮಿಕ್ಸರಿನ ಬಾಯಿಯ ಹತ್ತಿರ ಕೂತು, ಒಂದು ಮೂಟೆ ಸಿಮೆಂಟಿಗೆ ಎಷ್ಟು ಜಲ್ಲಿ, ಎಷ್ಟು ಮರಳು, ಎಷ್ಟು ನೀರು ಎಂದು ಕೂಗುವುದು ಅವಳ ಕೆಲಸ. ಹದಿನಾಲ್ಕು ಜನರ ಗ್ಯಾಂಗಿನಲ್ಲಿ ಆ ಲೆಕ್ಕ ತಪ್ಪದವಳು ಅವಳೊಬ್ಬಳೇ. ಮೇಸ್ತ್ರಿಯೆಂದರೆ ಕರಿಯಯ್ಯ, ಆದರೆ ಕಾಂಕ್ರೀಟು ಅವಳದು.

ಏಳು ವರ್ಷ ಆ ಮಾತು ಉಳಿಸಿಕೊಂಡೆ. ಸುಲಭವಾಗಿರಲಿಲ್ಲ. ಎಲ್ಲ ಮಿಕ್ಸರಿನವರೂ ಗ್ಯಾಂಗನ್ನು ಮಷೀನಿನ ಮೇಲೆಯೇ ಹೇರಿಕೊಂಡು ಒಂದೇ ಟ್ರಿಪ್ಪಿನಲ್ಲಿ ಮುಗಿಸುತ್ತಿದ್ದರು. ನಾನು ಹಿಂದಿನ ಸಂಜೆಯೇ ತೊಟ್ಟಿಯಲ್ಲಿ ಹಲಗೆ ಕಂಬ ತುಂಬಿ, ಮಿಕ್ಸರ್ ಎಳೆದುಕೊಂಡು ಹೋಗಿ ಕೆಲಸದ ಜಾಗದಲ್ಲಿ ಬಿಟ್ಟು ಬರುತ್ತಿದ್ದೆ, ಬೆಳಿಗ್ಗೆ ಜನರನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಡೀಸೆಲ್ಲು ಎರಡರಷ್ಟು, ಮೈ ನೋವು ಎರಡರಷ್ಟು. ಗ್ಯಾಂಗಿನವರೇ ಆಡಿಕೊಳ್ಳುತ್ತಿದ್ದರು. "ಅಮೃತೇಶಣ್ಣನ ಮಿಕ್ಸರ್ರು ಬಸವಣ್ಣ ಕನಾ. ಕೈ ಮುಗೀಬೌದು, ಮೇಲತ್ತಂಗಿಲ್ಲ" ಎಂದು ಒಬ್ಬ. "ಅದ್ಕೆ ಒಂದು ಲಿಂಗ ಕಟ್ಬುಡಿ ಅಣ್ಣ, ಪೂರ್ತಿ ನಿಮ್ಮೋರೇ ಆಗೋಯ್ತದೆ" ಎಂದು ಇನ್ನೊಬ್ಬ. ನಾನೂ ನಗುತ್ತಿದ್ದೆ. ಆದರೆ ಹೊಸದಾಗಿ ಬಂದವನು ಯಾವನಾದರೂ ಮೂಕಿಗೆ ಕಾಲು ಹಾಕಿದರೆ ಇಂಜಿನ್ ಆಫ್ ಮಾಡಿ ಇಳಿದು ಬಂದು ಬೈಯುತ್ತಿದ್ದೆ. ಪಿನ್ನು ಈಗ ಹೆಬ್ಬೆರಳಿಗಿಂತ ದಪ್ಪನೆಯದು, ಅದಕ್ಕೊಂದು ಬೀಗ. ಆದರೂ ಬೈಯುತ್ತಿದ್ದೆ.

ಪಿಕಪ್ಪು ಇಟ್ಟವನ ಪಾಡು ಪಿಕಪ್ಪು ಇಲ್ಲದವರಿಗೆ ಗೊತ್ತಾಗುವುದಿಲ್ಲ. ಮನೆಗೆ ಅದೊಂದೇ ಗಾಡಿ. ಬೆಳಿಗ್ಗೆ ಅದರಲ್ಲೇ ಡೈರಿಗೆ ಹಾಲು, ಅದರಲ್ಲೇ ಮಗಳು ನಯನಳನ್ನು ನಂಜನಗೂಡಿನ ಕಾಲೇಜಿಗೆ ಬಿಡುವುದು, ಅದರಲ್ಲೇ ಮಿಕ್ಸರ್ ಎಳೆಯುವುದು, ಅದರಲ್ಲೇ ಹೆಂಡತಿಯನ್ನು ಬೆನ್ನುನೋವಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಅದರ ಸ್ಪ್ರಿಂಗ್ ಪಟ್ಟಿಗಳು ಲೋಡಿಗೆಂದು ಮಾಡಿದವು. ಖಾಲಿ ಓಡಿಸಿದರೆ ರಸ್ತೆಯ ಒಂದು ಗುಂಡಿಯನ್ನೂ ಬಿಡದೆ ನಡುವಿಗೆ ತಲುಪಿಸುತ್ತವೆ. ಡಾಕ್ಟರ ಮನೆ ಮುಟ್ಟುವಷ್ಟರಲ್ಲಿ ಹೆಂಡತಿಯ ನೋವು ಇಮ್ಮಡಿಯಾಗಿರುತ್ತಿತ್ತು. ಇನ್ನು ಊರವರು. ಯಾರದೋ ಕಾರು ಕಪಿಲೆ ಸೇತುವೆಯ ಮೇಲೆ ನಿಂತರೆ ಹಗ್ಗ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. ತಲಕಾಡಿನ ಮರಳಿನಲ್ಲಿ ಹೂತ ವ್ಯಾನು ಎಳೆಯಲು ನಾನು. ಬಾಳೆಗೊನೆಗೆ ನಾನು, ಬೀಗರೂಟದ ಪಾತ್ರೆಗೆ ನಾನು. ಇಲ್ಲವೆಂದರೆ, "ಅಷ್ಟು ದೊಡ್ಡ ಗಾಡಿ ಮಡೀಕಂಡು ಇಷ್ಟು ಸಣ್ಣ ಮನ್ಸಾ?" ಎನ್ನುತ್ತಾರೆ. ಗಾಡಿ ನನ್ನದು, ಕೀ ನನ್ನದು, ಅದರಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುವವರು ಮಾತ್ರ ಊರೆಲ್ಲ.

೨೦೦೪ರಲ್ಲಿ ಗೂಡ್ಸ್ ಗಾಡಿಗಳಲ್ಲಿ ಜನ ಸಾಗಿಸಬಾರದೆಂದು ರಸ್ತೆಯಲ್ಲಿ ಬಿಗಿ ಮಾಡಿದರು. ನರಸೀಪುರಕ್ಕೆ ಮುಂಚಿನ ತಿರುವಿನಲ್ಲಿ ದಿನಾ ಪೊಲೀಸರು ನಿಲ್ಲತೊಡಗಿದರು. ಎರಡು ಸಲ ದಂಡ ಕಟ್ಟಿದೆ. ಮೂರನೆಯ ಸಲ ಗಾಡಿಯನ್ನೇ ಹಿಡಿದಿಡುತ್ತೇವೆಂದರು. ಅಲ್ಲಿಂದ ಗ್ಯಾಂಗು ಬೆಳಗಿನ ಮೊದಲ ಬಸ್ಸು ಹಿಡಿಯುವುದಾಯಿತು. ಪುಟ್ಟಲಕ್ಷ್ಮಿ ಮಾತ್ರ ನನ್ನ ಜೊತೆ ಕ್ಯಾಬಿನ್ನಿನಲ್ಲಿ.

ಆಗ ಉಳಿದ ಮಿಕ್ಸರಿನವರು ತಮ್ಮ ಹಳೆಯ ರೂಢಿಗೇ ಒಂದು ಹೊಸ ವಾದ ಕಂಡುಹಿಡಿದರು. ಕರಿಯಯ್ಯ ಅದನ್ನು ಹೊತ್ತುಕೊಂಡು ನನ್ನ ಹತ್ತಿರ ಬಂದ.

"ಅಣ್ಣ, ಕೇಸು ಯಾತುಕ್ ಹಾಕ್ತಾರೆ? ಗಾಡಿ ನಂಬರಿಗೆ ತಾನೆ?"

"ಹೌದು."

"ಮಿಕ್ಸರ್ರಿಗೆ ನಂಬರ್ ಎಲ್ಲದೆ?"

"ಇಲ್ಲ."

"ಮತ್ತೆ? ತೊಟ್ಟೀಲಿ ಕುಂತ್ರೆ ಕೇಸು. ಮಿಕ್ಸರ್ ಮೇಲೆ ಕುಂತ್ರೆ ಯಾವ್ ನಂಬರ್ ಬರ್ಕತಾರೆ? ನಂಬರಿಲ್ದುದ್ಕೆ ಕೇಸಿಲ್ಲ ಕಣಣ್ಣ. ಎಲ್ರೂ ಅಂಗೇ ಓಗ್ತಾವ್ರೆ, ಪೊಲೀಸ್ನೋರೂ ಸುಮ್ನವ್ರೆ."

"ನಿನ್ನ ಹೆಂಡತಿ ಕಾಲು ನೋಡಿದ್ದೀಯೇನೋ ನೀನು?" ಎಂದೆ.

"ದಿನಾ ನೋಡ್ತೀನಿ" ಎಂದ ಕರಿಯಯ್ಯ. "ನೀವು ಮರೆಯಕ್ ಬುಡಲ್ವಲ್ಲ."

ಅವನ ಬಾಯಿ ಮುಚ್ಚಿಸಿ ಕಳಿಸಿದೆ. ಆದರೆ ನಗು ಬಂದಿತ್ತು, ಸುಳ್ಳೇಕೆ ಹೇಳಲಿ. ಮುಂದೆ ಎಂಜಿನ್ನು ಎಳೆಯುತ್ತಿದೆ, ಹಿಂದೆ ಒಂದು ಟನ್ ಕಬ್ಬಿಣ ಕುಪ್ಪಳಿಸುತ್ತಿದೆ, ಅದರ ಮೇಲೆ ಕೂತವನು ಗಾಡಿಯಲ್ಲಿಲ್ಲ ಅಂತೆ!

ಇನ್ನು ಶಿವಮಲ್ಲಪ್ಪನವರು. ದೂರದ ಸಂಬಂಧದಲ್ಲಿ ನನಗೆ ಮಾವ. ಅಕ್ಕಿ ಗಿರಣಿ ಇಟ್ಟವರು, ನರಸೀಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಮೈಸೂರಿನಲ್ಲಿ ನಮ್ಮ ಜನದ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿದೆ, ಅದರ ಕಮಿಟಿಯಲ್ಲಿ ಅವರಿದ್ದರು. ನಯನ ಪಿಯುಸಿಯಲ್ಲಿ ಒಳ್ಳೆ ನಂಬರು ತೆಗೆದಿದ್ದಳು. ಮೈಸೂರಿನಲ್ಲಿ ಬಿಎಸ್ಸಿ ಓದಬೇಕು ಅವಳಿಗೆ. ಹಾಸ್ಟೆಲ್ ಸಿಕ್ಕಿದರೆ ಓದು, ಸಿಗದಿದ್ದರೆ ಇಲ್ಲ; ಮನೆಯಲ್ಲಿ ಅಷ್ಟು ಸ್ಪಷ್ಟವಾಗಿತ್ತು. ಅರ್ಜಿ ಹಾಕಿದ ದಿನದಿಂದ ಶಿವಮಲ್ಲಪ್ಪನವರು ಏನು ಹೇಳಿದರೂ ನಾನು "ಆಯ್ತು ಮಾವ" ಎನ್ನುವವನಾಗಿದ್ದೆ. ನನ್ನ ಬಾಯಿಯ ಆ "ಆಯ್ತು ಮಾವ" ನನಗೇ ಕೇಳಿಸಿದಾಗಲೆಲ್ಲ ಹಲ್ಲು ಕಡಿಯುವಂತಾಗುತ್ತಿತ್ತು.

ಅವರ ಮನೆಗೆ ಮೋಲ್ಡ್ ಹಾಕುವುದು, ಅಂದರೆ ತಾರಸಿಯ ಕಾಂಕ್ರೀಟು, ಬುಧವಾರವೆಂದು ನಿಗದಿಯಾಗಿತ್ತು. ಶನಿವಾರ ಸಂಜೆ ಮನೆಗೆ ಬಂದು, "ಬುಧವಾರ ಬೇಡವಂತೆ ಅಮೃತೇಶ, ಸೋಮವಾರವೇ ಆಗಬೇಕಂತೆ. ಏಳೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಮೊದಲನೇ ಬಾಂಡ್ಲಿ ಮೇಲೆ ಬೀಳಬೇಕು" ಎಂದರು. ಭಾನುವಾರ ನನ್ನ ಮಿಕ್ಸರ್ ನಂಜನಗೂಡಿನಲ್ಲಿ ಬೇರೊಂದು ಕೆಲಸದಲ್ಲಿತ್ತು, ಮುಗಿಯುವಾಗ ಕತ್ತಲು. ಹಿಂದಿನ ಸಂಜೆಯೇ ನರಸೀಪುರಕ್ಕೆ ಒಯ್ದು ಬಿಡುವ ಮಾತೇ ಇರಲಿಲ್ಲ. "ಆಗಲ್ಲ ಮಾವ" ಎನ್ನಬೇಕಿತ್ತು. "ಆಯ್ತು ಮಾವ" ಎಂದೆ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ನನ್ನ ಮನೆಯ ಮುಂದೆ ಪಿಕಪ್ಪು ಸಿದ್ಧವಾಗಿತ್ತು. ತೊಟ್ಟಿಯಲ್ಲಿ ಹಲಗೆ, ಲಿಫ್ಟಿನ ಕಂಬ, ವೈಬ್ರೇಟರು, ಡೀಸೆಲ್ ಡ್ರಮ್ಮು ಕ್ಯಾಬಿನ್ನಿನ ಎತ್ತರಕ್ಕೂ ಮೇಲೆ ತುಂಬಿದ್ದವು. ಹಿಂದೆ ಮಿಕ್ಸರು. ಕರಿಯಯ್ಯ ಗ್ಯಾಂಗಿನೊಂದಿಗೆ ಮೊದಲ ಬಸ್ಸಿಗೆ ಹೋಗಿದ್ದ. ಪುಟ್ಟಲಕ್ಷ್ಮಿ ಎಂದಿನಂತೆ ಬಂದು, ಎಂದಿನಂತೆ ಎಡಗಡೆಯ ಬಾಗಿಲು ತೆಗೆದು, ಕಾಲೆಳೆದುಕೊಂಡು ಹತ್ತಿ ಕೂತಿದ್ದಳು. ತೊಡೆಯ ಮೇಲೆ ಬುತ್ತಿ. ಬಾಗಿಲ ಹೊರಗೆ ನಿಂತಿದ್ದ ನಯನಳಿಗೆ ಏನೋ ಹೇಳಿ ನಗಿಸುತ್ತಿದ್ದಳು. "ಮೈಸೂರ್ಗ್ ಓದ್ಮೇಲೆ ನಮ್ಮುನ್ನ ಯಾರೇ ನೀನು ಅಂತೀಯ ಕನವ್ವ ನೀನು" ಎಂದದ್ದು ಕೇಳಿಸಿತು. "ಇಲ್ಲ ಹೋಗಕ್ಕ" ಎಂದಳು ನಯನ.

ಆಗ ಶಿವಮಲ್ಲಪ್ಪನವರು ಹೆಂಡತಿ ಮಂಗಳಮ್ಮನವರೊಂದಿಗೆ ಬೀದಿಯ ತುದಿಯಲ್ಲಿ ಕಾಣಿಸಿದರು. ರೇಷ್ಮೆ ಸೀರೆ, ಕೈಯಲ್ಲಿ ಕಳಸ, ಒಂದು ತಂಬಿಗೆ ಹಾಲು, ಮನೆದೇವರ ಫೋಟೋ, ಕಾಯಿಯ ಬುಟ್ಟಿ. ಅವರಿಗೆ ಅಂಬಾಸಿಡರ್ ಕಾರಿದೆ. ಅದನ್ನು ಅಳಿಯ ತೆಗೆದುಕೊಂಡು ಹೋಗಿದ್ದನಂತೆ.

"ಮಿಕ್ಸರ್ ಜೊತೇಲೇ ಕಳಸ ಹೋಗೋದು ಒಳ್ಳೇದಲ್ಲವಾ" ಎಂದರು. ಕ್ಯಾಬಿನ್ನಿನೊಳಗೆ ನೋಡಿದರು. ಪುಟ್ಟಲಕ್ಷ್ಮಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ಖಾಲಿ ಮಾಡಿಸು, ಹೊತ್ತಾಯ್ತದೆ" ಎಂದರು, ಒಳಗೆ ಗೋಣಿಚೀಲ ಇಟ್ಟಿದ್ದಾರೇನೋ ಎಂಬಂತೆ.

ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಇಳಿಯತೊಡಗಿದ್ದಳು. ಹತ್ತುವುದಕ್ಕಿಂತ ಇಳಿಯುವುದು ಅವಳಿಗೆ ಕಷ್ಟ. ನಯನ ಕೈ ಹಿಡಿದಳು.

"ಮಾವ" ಎಂದೆ, "ಇವಳು ಬಸ್ಸು ಹತ್ತೋದಕ್ಕೆ ಆಗಲ್ಲ. ಅತ್ತೆ ಒಂಚೂರು ಈ ಕಡೆ ಸರಿದು ಕೂತರೆ ಬಾಗಿಲ ಪಕ್ಕ ಇವಳೂ ಕೂರ್ತಾಳೆ. ಇರುಕಾದರೂ ಆಗುತ್ತೆ."

"ಅಯ್ಯೋ ಅಮೃತೇಶ" ಎಂದರು ಮಂಗಳಮ್ಮ, ಮೆತ್ತಗೆ, ನನಗೆ ಬುದ್ಧಿ ಕಮ್ಮಿಯೇನೋ ಎನ್ನುವಂತೆ. "ತೊಡೆ ಮೇಲೆ ಕಳಸ ಅದೆ ಕಣಪ್ಪ."

ಅಷ್ಟೇ. ಬೇರೆ ಕಾರಣವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಊರಾಚೆಯ ಕಾಲೋನಿಯವಳ ಸೆರಗು ಕಳಸಕ್ಕೆ ತಾಗುತ್ತದೆ ಎನ್ನುವುದನ್ನು ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಮನೆಯ ತಾರಸಿಗೆ ಅಂದು ಬೀಳುವ ಒಂದೊಂದು ಬಾಂಡ್ಲಿಯೂ ಅದೇ ಕಾಲೋನಿಯವರ ತಲೆಯ ಮೇಲಿಂದ ಹೋಗಬೇಕು. ತಾರಸಿಯ ಕೆಳಗೆ ದೇವರ ಕೋಣೆ ಬರುತ್ತದೆ. ಕಾಂಕ್ರೀಟು ಒಣಗಿದರೆ ಮೈಲಿಗೆಯೂ ಒಣಗುತ್ತದೇನೋ.

"ಒಂಬತ್ತು ಗಂಟೆ ಬಸ್ಸಿಗೆ ಬರಲಿ ಬಿಡು" ಎಂದರು ಶಿವಮಲ್ಲಪ್ಪ.

"ಒಂಬತ್ತರ ಬಸ್ಸೂ ಇವಳಿಗೆ ಹತ್ತಕ್ಕಾಗಲ್ಲ ಮಾವ. ಇವಳಿಲ್ಲದೆ ಮಿಕ್ಸಿಂಗ್ ಲೆಕ್ಕ ನಿಲ್ಲಲ್ಲ. ನಿಮ್ಮ ಮನೆ ತಾರಸಿನೇ ಸೋರೋದು."

"ಹಂಗಾದ್ರೆ ಹಿಂದೆ ಕೂರಲಿ. ಮಿಕ್ಸರ್ ಮೇಲೆ ಜಾಗ ಇಲ್ಲವಾ? ಎಲ್ಲರ ಮಿಕ್ಸರ್ ಮೇಲೂ ಕೂರ್ತಾರೆ."

"ನನ್ನ ಮಿಕ್ಸರ್ ಮೇಲೆ ಕೂರಿಸಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಇವಳಿಗೆ."

ಶಿವಮಲ್ಲಪ್ಪನವರು ಜೋರಾಗಿ ನಕ್ಕರು. ನಿಜವಾಗಿಯೂ ಅವರಿಗೆ ತಮಾಷೆಯೆನಿಸಿತ್ತು. "ಸರಿ ಮತ್ತೆ, ಅವಳು ಇಲ್ಲೇ ಇದ್ದಾಳಲ್ಲ. ಅವಳನ್ನೇ ಕೇಳು, ಮಾತು ವಾಪಸ್ ತಗಾ. ನೀನು ಕೊಟ್ಟ ಮಾತಿಗೆ ನನ್ನ ಮನೆ ಮೋಲ್ಡು ರಾಹುಕಾಲಕ್ಕೆ ಹೋಗಬೇಕಾ?" ಎಂದರು. ಆಮೇಲೆ ಗಡಿಯಾರ ನೋಡುತ್ತ, ನಗು ಹಾಗೆಯೇ ಇಟ್ಟುಕೊಂಡು, "ನಾಡಿದ್ದು ಕಮಿಟಿ ಮೀಟಿಂಗಿದೆ. ನಯನಂದು ಅರ್ಜಿ ನನ್ನ ಹತ್ರನೇ ಅದೆ. ನೆನಪು ಮಾಡು" ಎಂದರು.

ಬೆದರಿಸಿದರೆಂದು ಹೇಳಲಾರೆ. ಅವರು ಹಾಗೆ ಬೆದರಿಸುವವರಲ್ಲ. ಮನೆಗೆ ಬಂದವರ ಮುಂದೆ ತಾಂಬೂಲದ ತಟ್ಟೆ ಇಡುವ ಹಾಗೆ ಆ ಮಾತನ್ನು ನನ್ನ ಮುಂದಿಟ್ಟರು.

ನಾನು ಪುಟ್ಟಲಕ್ಷ್ಮಿಯ ಕಡೆ ನೋಡಿದೆ. ನೋಡಬಾರದಿತ್ತು. ನನ್ನ ಮುಖದಲ್ಲಿ ಅವಳಿಗೆ ಏನು ಕಾಣಿಸಬೇಕಿತ್ತೋ ಅದು ಕಾಣಿಸಿತು.

"ನಾನು ಮೂಕಿ ಮ್ಯಾಲೇ ಕುಂತ್ಕತೀನಿ ಬುಡಿ ಅಣ್ಣ" ಎಂದಳು. "ಏನಾಯ್ತದೆ? ಒಂದ್ಸಲ ತಾನೆ. ಬುದ್ಯೋರ್ ಮನೆ ಕೆಲ್ಸ ನಿಲ್ಬಾರ್ದು."

"ಅಪ್ಪ" ಎಂದಳು ನಯನ. "ಅಪ್ಪ, ಪುಟ್ಟಲಕ್ಷ್ಮಕ್ಕನ ಅಲ್ಲಿ ಕೂರಿಸ್ತೀಯಾ?"

"ಒಳಗೆ ಹೋಗು ನೀನು!" ಎಂದು ಕಿರುಚಿದೆ. ಆ ಬೆಳಿಗ್ಗೆ ನಾನು ಸಿಟ್ಟು ತೋರಿಸಿದ್ದು ಅವಳೊಬ್ಬಳ ಮೇಲೆ. ಶಿವಮಲ್ಲಪ್ಪನವರ ಮುಂದೆ ಬಾರದ ದನಿ ಮಗಳ ಮುಂದೆ ಎಲ್ಲಿಂದಲೋ ಬಂತು. ಅವಳು ಒಳಗೆ ಹೋಗಲಿಲ್ಲ. ಗೇಟಿನ ಹತ್ತಿರ ನಿಂತು ನೋಡುತ್ತಲೇ ಇದ್ದಳು.

ಮೂಕಿಯ ಮೇಲೆ ಗೋಣಿಚೀಲ ಮಡಿಸಿ ಹಾಸಿದೆ. ಪಿನ್ನು ನೋಡಿದೆ, ಬೀಗ ಜಗ್ಗಿದೆ, ಮತ್ತೊಮ್ಮೆ ಜಗ್ಗಿದೆ. ಮಿಕ್ಸರಿನ ಡ್ರಮ್ಮಿಗೂ ಕೊಕ್ಕೆಗೂ ಒಂದು ಸರಪಳಿ ಬಿಗಿದೆ. ಪುಟ್ಟಲಕ್ಷ್ಮಿ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತು ಬಾಗದ ಕಾಲನ್ನು ಮೂಕಿಯ ಉದ್ದಕ್ಕೆ ಚಾಚಿದಳು. "ಕೈ ಇಲ್ಲಿ ಹಿಡಿ" ಎಂದು ತೋರಿಸಿದೆ. "ಗೊತ್ತು ಓಗಿ ಅಣ್ಣ, ನಂಗೊಸ್ದಾ ಇದು?" ಎಂದಳು.

ಹೊರಟೆ. ಗೇರು ಎರಡರ ಮೇಲೆ ಏರಿಸಲಿಲ್ಲ. ತೊಟ್ಟಿಯಲ್ಲಿ ಹಲಗೆಗಳು ಗೋಡೆಯಂತೆ ನಿಂತಿದ್ದವು, ಹಿಂದಿನದು ಏನೂ ಕಾಣುತ್ತಿರಲಿಲ್ಲ. ತಿರುವುಗಳಲ್ಲಿ ಮಾತ್ರ ಬದಿಯ ಕನ್ನಡಿಯಲ್ಲಿ ಅವಳ ಸೆರಗಿನ ಅಂಚು ಹಾರುವುದು ಕಾಣುತ್ತಿತ್ತು. ಅದು ಕಂಡಾಗ ಉಸಿರು ಬಿಡುತ್ತಿದ್ದೆ. ಮುಂದಿನ ತಿರುವಿನವರೆಗೆ ಮತ್ತೆ ಬಿಗಿಹಿಡಿಯುತ್ತಿದ್ದೆ. ಹಂಪು ಬಂದಾಗ ಪೂರ್ತಿ ನಿಲ್ಲಿಸಿ, ಒಂದೊಂದೇ ಚಕ್ರ ದಾಟಿಸಿದೆ.

"ಇದೇನು ಹೆಣ ಹೊತ್ತಂಗೆ ಓಡಿಸ್ತೀಯಲ್ಲ" ಎಂದರು ಶಿವಮಲ್ಲಪ್ಪ.

"ಹಾಲು ಚೆಲ್ಲದಂಗೆ ನಿಧಾನಕ್ಕೆ ಹೋಗ್ತಾವ್ನೆ ಬುಡಿ, ಒಳ್ಳೇದೇ ಆಯ್ತು" ಎಂದರು ಮಂಗಳಮ್ಮ. ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದರು.

ನರಸೀಪುರದ ಹತ್ತಿರದ ಆ ತಿರುವಿನಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ. ಹೇಳಿದರೆ ನಂಬುವುದಿಲ್ಲ, ನನಗೆ ಎದೆ ಹಗುರಾಯಿತು. ಈಗ ಇವನು ಅವಳನ್ನು ಇಳಿಸುತ್ತಾನೆ, ನಾನು ಮಾವನಿಗೆ ಹೇಳುವುದು ಏನೂ ಉಳಿಯುವುದಿಲ್ಲ, ಕಾನೂನೇ ಹೇಳಿದ ಹಾಗಾಗುತ್ತದೆ. ನನ್ನ ಮಾತನ್ನು ನನಗೆ ಉಳಿಸಲಾಗಲಿಲ್ಲ, ಇವನು ಉಳಿಸಿಕೊಡುತ್ತಾನೆ.

ಅವನು ತೊಟ್ಟಿಯೊಳಗೆ ಇಣುಕಿದ. ಹಲಗೆ ತಟ್ಟಿದ. ಕ್ಯಾಬಿನ್ ನೋಡಿದ, ಕಳಸಕ್ಕೆ ಕೈ ಮುಗಿದ.

"ಹೋಗಿ" ಎಂದ.

"ಸಾ" ಎಂದೆ ನಾನೇ. "ಹಿಂದೆ ಮಿಕ್ಸರ್ ಮೇಲೆ ಒಬ್ಬಳು ಹೆಣ್ಣಾಳು ಕೂತಿದ್ದಾಳೆ."

"ಕಾಣಿಸ್ತದೆ ಕಣ್ರೀ. ಅದಕ್ಕೇನೀಗ?"

"ಜನ ಕೂರಿಸೋ ಹಂಗಿಲ್ಲವಲ್ಲ."

"ಗಾಡೀಲಿ ಕೂರಿಸೋ ಹಂಗಿಲ್ಲ. ಅವಳು ಗಾಡೀಲಿಲ್ಲವಲ್ಲ. ಹಿಂದೆ ಲೈನ್ ನಿಂತೈತೆ, ತೆಗೀರಿ ತೆಗೀರಿ."

ಶಿವಮಲ್ಲಪ್ಪನವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನಿನ್ನ ಮೇಲೆ ನೀನೇ ಕಂಪ್ಲೇಂಟ್ ಕೊಟ್ಟರೂ ತಗೊಳ್ಳೋರಿಲ್ಲ ನೋಡು" ಎಂದರು. ಕಂಬಿಯ ತುಂಡೊಂದು ಕೈಗೆ ಸಿಕ್ಕಿದ್ದರೆ ಆಗ ನಾನೇನು ಮಾಡುತ್ತಿದ್ದೆನೋ. ಸಿಕ್ಕಿದ್ದು ಗೇರು. ಅದನ್ನೇ ಮುರಿದುಹೋಗುವಂತೆ ಎಳೆದು ಮುಂದಕ್ಕೆ ಹೋದೆ, ತಕ್ಷಣ ಹಿಂದೆ ಕೂತವಳು ನೆನಪಾಗಿ ನಿಧಾನ ಮಾಡಿದೆ.

ಏಳೂ ಕಾಲಿಗೆ ಮುಟ್ಟಿದೆವು. ಏನೂ ಆಗಲಿಲ್ಲ. ಪಿನ್ನು ಎಗರಲಿಲ್ಲ, ಸರಪಳಿ ಬಿಚ್ಚಲಿಲ್ಲ, ಪುಟ್ಟಲಕ್ಷ್ಮಿ ಬೀಳಲಿಲ್ಲ. ಸೀರೆಗೆ ಗ್ರೀಸು ಹತ್ತಿತ್ತು, ಕಾಲು ಜೋಮು ಹಿಡಿದಿತ್ತು, ಅಷ್ಟೇ. ಕರಿಯಯ್ಯ ಬಂದು ಅವಳನ್ನು ಇಳಿಸಿಕೊಂಡ. ನನ್ನ ಕಡೆ ನೋಡಿ, ಮನಸಾರೆ, ಒಂದು ಚೂರೂ ಕುಹಕವಿಲ್ಲದೆ, "ಅಂಗೆ ಬುಡಿ ಅಣ್ಣ. ಕೊನೆಗೂ ದಾರಿಗ್ ಬಂದ್ರಲ್ಲ" ಎಂದ.

ಏಳು ವರ್ಷ ನಾನು ಅವನನ್ನು ಬೈದದ್ದು, ಎರಡೆರಡು ಟ್ರಿಪ್ಪು ಹೊಡೆದದ್ದು, ಎಲ್ಲವೂ ಅವನ ಲೆಕ್ಕದಲ್ಲಿ ನನ್ನದೊಂದು ಹುಚ್ಚು. ಅದು ಈಗ ಬಿಟ್ಟಿತ್ತು.

ಮಿಕ್ಸರಿಗೆ ಪೂಜೆಯಾಯಿತು. ಅರಿಶಿನ ಕುಂಕುಮ, ಡ್ರಮ್ಮಿಗೆ ಹೂವು, ಮೂಕಿಯ ಮೇಲೆ ಕರ್ಪೂರ. ಆ ಗೋಣಿಚೀಲವನ್ನು ಮಂಗಳಮ್ಮನವರು ಕಡ್ಡಿಯಲ್ಲಿ ಎತ್ತಿಸಿ ಆಚೆ ಹಾಕಿಸಿದರು. ರಾಹುಕಾಲಕ್ಕೆ ಐದು ನಿಮಿಷವಿರುವಾಗ ಮೊದಲ ಬಾಂಡ್ಲಿ ಮೇಲೇರಿತು. ಮೋಲ್ಡ್ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದ ಕಡೆ ಬೆಸೆಯದೆ ನೀರು ಇಳಿಯುತ್ತದೆ. ನಾಲ್ಕೂವರೆಯವರೆಗೆ ಯಾರೂ ಕೂರಲಿಲ್ಲ, ಪುಟ್ಟಲಕ್ಷ್ಮಿಯ ಕೂಗೂ ನಿಲ್ಲಲಿಲ್ಲ. "ನಾಕು ಜಲ್ಲಿ! ನೀರ್ ಸಾಕು ಕನ್ಲಾ, ಏನ್ ಸಾರ್ ಮಾಡ್ತಿದ್ದೀಯಾ?" ದಿನವೂ ಇದ್ದ ಹಾಗೆಯೇ ಇದ್ದಳು. ಅವಳು ನನ್ನ ಮೇಲೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ಪಾಯಸದ ಊಟ. ಗಂಡಸರಿಗೆ ಟವೆಲು, ಹೆಂಗಸರಿಗೆ ರವಿಕೆ ಬಟ್ಟೆ. ನನಗೆ ಶರ್ಟಿನ ಬಟ್ಟೆ, ಪಕ್ಕದ ಮನೆಯೊಳಗೆ ಕರೆದು ಪ್ರತ್ಯೇಕ ಎಲೆ. ಉಣ್ಣದೆ ಎದ್ದೆ. "ಹೊಟ್ಟೆ ಸರಿಯಿಲ್ಲ ಮಾವ" ಎಂದೆ. ಅಲ್ಲಿಯೂ ನಿಜ ಹೇಳಲಿಲ್ಲ.

ಶಿವಮಲ್ಲಪ್ಪನವರು ಅಳಿಯ ತಂದ ಕಾರಿನಲ್ಲಿ ಹೋದರು. ಹಲಗೆಗಳೂ ಕಂಬಗಳೂ ಅಲ್ಲೇ ಉಳಿದವು. ಕ್ಯಾಬಿನ್ನು ಪೂರ್ತಿ ಖಾಲಿ. ಎಡಗಡೆಯ ಬಾಗಿಲು ತೆಗೆದು ನಿಂತು, "ಬಾ ಪುಟ್ಟಲಕ್ಷ್ಮಿ" ಎಂದೆ.

ಅವಳು ಆಗಲೇ ಮೂಕಿಯ ಮೇಲೆ ಕೂತಾಗಿತ್ತು. ಕರಿಯಯ್ಯನೂ ಕೂತಿದ್ದ, ಇನ್ನೂ ಮೂವರು ಹೆಂಗಸರು ಡ್ರಮ್ಮಿಗೆ ಒರಗಿದ್ದರು.

"ಬ್ಯಾಡಿ ಅಣ್ಣ, ಇಲ್ಲೇ ವಾಸಿ" ಎಂದಳು.

"ಮುಂದೆ ಜಾಗ ಖಾಲಿ ಇದೆಯಲ್ಲ. ಎಲ್ಲರೂ ಇಳೀರಿ, ಇಳೀರಿ ಮೊದಲು! ಬಸ್ಸಿಗೆ ಹೋಗಿ!"

ಯಾರೂ ಅಲ್ಲಾಡಲಿಲ್ಲ. "ಬೆಳಿಗ್ಗೆ ಆಗಿದ್ದು ಸಂಜೆ ಯಾಕಣ್ಣ ಆಗಲ್ಲ?" ಎಂದಳು ಒಬ್ಬಳು.

ಪುಟ್ಟಲಕ್ಷ್ಮಿಯ ಹತ್ತಿರ ಹೋದೆ. "ನೀನಾದರೂ ಬಾ. ಬೆಳಿಗ್ಗೆ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬೈಯಿ ಬೇಕಾದರೆ."

"ಬೈಯ್ಯಾಕೆ ನೀವೇನ್ ಮಾಡುದ್ರಿ?" ಎಂದಳು. ರವಿಕೆ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಮಗೀಗೆ ಓದು ಬೇಕು. ನಂಗ್ ಗೊತ್ತಾಗಲ್ವಾ? ಆದ್ರೆ ಅಣ್ಣ, ಅಲ್ಲಿ ಕುಂತ್ರೆ ಇನ್ನೊಂದ್ ದಿಸ ಇನ್ಯಾರೋ ಬತ್ತಾರೆ. ಮತ್ತೆ ಎದ್ದೇಳ್ಬೇಕು. ನಂಗೆ ಅತ್ತಾದು ಇಳಿಯಾದು ಕಷ್ಟ. ಇಲ್ಲಿಂದ ಯಾರೂ ಎಬ್ಬುಸಲ್ಲ."

ಬಾಗಿಲು ಮುಚ್ಚಿದೆ. ಗಾಡಿ ಹತ್ತಿದೆ. ಐದು ಜನರನ್ನು ಹಿಂದೆ ಎಳೆದುಕೊಂಡು ಹದಿನಾರಿಗೆ ಬಂದೆ. ಆ ತಿರುವಿನಲ್ಲಿ ಆಗ ಯಾರೂ ಇರಲಿಲ್ಲ.

ಜುಲೈಯಲ್ಲಿ ನಯನಳಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಮೈಸೂರಿಗೆ ಅವಳ ಟ್ರಂಕನ್ನು ಅದೇ ಪಿಕಪ್ಪಿನಲ್ಲಿ ಒಯ್ದೆ. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕೆಲಸದ ದಿನಗಳಲ್ಲಿ ಗ್ಯಾಂಗು ಮಿಕ್ಸರಿನ ಮೇಲೆಯೇ ಬರುತ್ತದೆ. ಪುಟ್ಟಲಕ್ಷ್ಮಿ ಕ್ಯಾಬಿನ್ನಿಗೆ ಮತ್ತೆ ಹತ್ತಲಿಲ್ಲ.

ಅವಳಿಗೆ ಕೊಟ್ಟ ಮಾತನ್ನು ನಾನು ಮುರಿದೆ.